ಮೇಲೆ ತೇಲಿದವು

ನಾದಿನಿ ಕೆಸರು ತೊಳೆಯುವವಳು, ಅತ್ತಿಗೆ ಎಣಿಸುವವಳು. ಪ್ರಯೋಗಾಲಯದಲ್ಲಿ ಇಬ್ಬರ ನಡುವೆ ಒಂದು ಗಾಜಿನ ಬಾಗಿಲು. ಕೊಲ್ಲಿಯ ತಳದಿಂದ ದೋಣಿಯವರು ಸೀಸೆಗಳಲ್ಲಿ ತಂದ ಕೆಸರನ್ನು ನಾದಿನಿ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ನೀರಿನ ತಟ್ಟೆಗೆ ಸುರಿದು ಕೊಡುತ್ತಾಳೆ. ಅತ್ತಿಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅದರಲ್ಲಿನ ಜೀವಗಳನ್ನು ಹೆಕ್ಕುತ್ತಾಳೆ.

ಹುಡುಕುತ್ತಿದ್ದದ್ದು ಸಿಗಡಿಯ ದೂರದ ನೆಂಟರನ್ನು. ಅಕ್ಕಿಕಾಳಿಗಿಂತ ಸಣ್ಣವು, ಎರಡು ಬೆರಳಲ್ಲಿ ಒತ್ತಿದಂತೆ ಪಕ್ಕಕ್ಕೆ ಚಪ್ಪಟೆ. ಕೆಸರಿನಲ್ಲೇ ಗೂಡು ನೇಯ್ದು, ತಳದಲ್ಲೇ ಹುಟ್ಟಿ ತಳದಲ್ಲೇ ತೀರಿಕೊಳ್ಳುವ ಕುಲ. ನೀರು ಕೆಟ್ಟರೆ ಮೊದಲು ಕಾಣೆಯಾಗುವುದೂ ಅವೇ.

ಮೂರು ಸೀಸೆ ಮುಗಿದಿತ್ತು. ಮೂರರಲ್ಲೂ ಸೊನ್ನೆ. ನಾಲ್ಕನೆಯದೂ ಸೊನ್ನೆಯಾದರೆ ಕೊಲ್ಲಿಯ ತಳ ಸತ್ತಿದೆ ಎಂದು ವರದಿ ಹೋಗುತ್ತದೆ. ಆಮೇಲೆ ಬಂದರಿನ ಹೂಳನ್ನೆಲ್ಲ ಅಲ್ಲಿಗೇ ಸುರಿಯುತ್ತಾರೆ.

ಕೈ ತೊಳೆಯಲೆಂದು ಬಂದ ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟಳು. ನಾದಿನಿ ನಾಲ್ಕನೆಯ ತಟ್ಟೆಯ ಮೇಲ್ನೀರನ್ನು ಚಮಚದಲ್ಲಿ ಬಳಿದು ಚೆಲ್ಲಲು ಹೊರಟಿದ್ದಳು.

“ಏನೇ ಅದು?”

“ಜೊಳ್ಳು, ಅತ್ತಿಗೆ. ಕಾಳು ತೊಳೆಯುವಾಗ ತೇಲೋದನ್ನ ತೆಗೆಯಲ್ವಾ? ನಿಮಗೆ ತಟ್ಟೆ ಚೊಕ್ಕಟವಾಗಿ ಕೊಡೋಣ ಅಂತ.”

“ಮೊದಲಿನ ಮೂರಕ್ಕೂ ಹೀಗೇ ಮಾಡಿದ್ಯಾ?”

“ಮತ್ತೆ? ತಳದ ಪ್ರಾಣಿ ಮೇಲ್ಯಾಕೆ ಬರುತ್ತೆ?”

ಅತ್ತಿಗೆ ಚಮಚ ಇಸಿದುಕೊಂಡು ಬೆಳಕಿಗೆ ಹಿಡಿದಳು. ಜೊಳ್ಳಲ್ಲ, ಅವೇ ಚಪ್ಪಟೆ ಜೀವಗಳು. ಜರಡಿಯಲ್ಲಿ ಗಾಳಿ ತಾಕಿದ ಮೇಲೆ ಅವುಗಳ ನುಣುಪು ಮೈಗೆ ನೀರು ಹಿಡಿದಿರಲಿಲ್ಲ. ಸತ್ತ ಮೈಗಳು ನೀರಿನ ಮೇಲೇ ಉಳಿದಿದ್ದವು. ಎಣಿಸಿದಳು. ನಲವತ್ತೊಂದು.

ನಾದಿನಿಯ ಆರು ತಿಂಗಳ ಪರೀಕ್ಷಾ ಅವಧಿ ಆ ವಾರವೇ ಮುಗಿಯುವುದಿತ್ತು. ಅದು ದಾಟಿದರೆ ಕೆಲಸ ಕಾಯಂ.

“ಒಂದರಲ್ಲಿ ಸಿಕ್ತಲ್ಲ ಅತ್ತಿಗೆ, ಸಾಲದಾ?”

“ನಾಲ್ಕರಲ್ಲಿ ಒಂದು ಅಂದ್ರೆ ಏನೋ ಎಡವಟ್ಟು ಅಂತ ಬದಿಗಿಡ್ತಾರೆ.” ಅತ್ತಿಗೆ ಎಣಿಕೆಯ ಹಾಳೆಯನ್ನು ಅವಳತ್ತ ಸರಿಸಿದಳು. “ನಾನು ಎಣಿಸಿದ್ದು ನಾನು ಬರೆದಿದ್ದೀನಿ. ನೀನು ತೊಳೆದದ್ದು ನೀನೇ ಬರಿ.”

ನಾದಿನಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಕೊನೆಗೆ ಮೂರು ಸೊನ್ನೆಗಳನ್ನೂ ಹೊಡೆದುಹಾಕಿ ಪಕ್ಕದಲ್ಲಿ ಬರೆದಳು: ಮೇಲಿನ ನೀರನ್ನು ನಾನು ಚೆಲ್ಲಿದ್ದೇನೆ, ಕೆಸರು ಮತ್ತೆ ತರಿಸಬೇಕು.

ಸಾಹೇಬರು ಓದಿ, ದೋಣಿಯವರಿಗೆ ಚೀಟಿ ಬರೆದರು. ನಾದಿನಿಗೆ ಮುಂದಿನ ವಾರದಿಂದ ಬರುವುದು ಬೇಡವೆಂದರು. ಬೈಯಲಿಲ್ಲ.

ಹೊಸ ಮೂರು ಸೀಸೆಗಳನ್ನು ಅತ್ತಿಗೆಯೇ ತೊಳೆದಳು. ಆ ಸಂಜೆ ಮನೆಗೆ ಬಂದವಳನ್ನು ನಾದಿನಿ ಹೊಸ್ತಿಲಲ್ಲೇ ತಡೆದಳು.

“ಎಷ್ಟು?”

“ಮೂರೂ ಸೇರಿ ನೂರ ಹದಿನೆಂಟು. ಹೂಳಿಗೆ ಬೇರೆ ಜಾಗ ನೋಡ್ತಾರಂತೆ.”

“ಹಾಳಾದವು! ಅಷ್ಟೊಂದಿದ್ದೂ ಅವತ್ತು ಒಂದಾದ್ರೂ ಕೂಗಬಾರದಿತ್ತಾ?” ಎನ್ನುತ್ತ ನಾದಿನಿ ಅವಳ ಕೈಚೀಲ ಇಸಿದುಕೊಂಡು ಒಳಗೆ ಹೋದಳು.