ನೀಲಾಳ ಬೆರಳು ಕಲಿತದ್ದು

ನನಗೆ ನಾಲ್ಕು ಕಾಲುಗಳಿವೆ, ಆದರೆ ನಡೆಯಲು ಬಾರದು. ತಲೆಯ ಕಡೆ ಒಂದು ದುಂಡನೆಯ ತೂತಿದೆ. ಅದರಲ್ಲಿ ಮುಖವಿಟ್ಟು ಜನ ಬೋರಲು ಮಲಗುತ್ತಾರೆ. ನಾನು ಒಂದು ಟೇಬಲ್. ಊಟಕ್ಕೆ ಕೂರುವ ಟೇಬಲ್ಲಲ್ಲ, ಡಾಕ್ಟರರು ರೋಗಿಯನ್ನು ಮಲಗಿಸಿ ಬೆನ್ನು, ಕುತ್ತಿಗೆ, ಸೊಂಟ ಮುಟ್ಟಿ ನೋಡುವ ಟೇಬಲ್. ಅಮೆರಿಕದ ಮಿಸೌರಿಯಲ್ಲಿ ಒಬ್ಬ ಬಡಗಿಯ ಶೆಡ್ಡಿನಲ್ಲಿ ಹುಟ್ಟಿದೆ. ಮೇಪಲ್ ಮರದ ಕಾಲು, ಮೇಲೆ ದಪ್ಪ ಸ್ಪಂಜು, ಅದಕ್ಕೆ ನೀಲಿ ರೆಕ್ಸಿನ್ನಿನ ಹೊದಿಕೆ. ಮಡಚಿದರೆ ದೊಡ್ಡ ಸೂಟ್‌ಕೇಸಿನ ಹಾಗೆ ಎತ್ತಿಕೊಂಡು ಹೋಗಬಹುದು. ಎಲ್ಲ ಮುಗಿದ ಮೇಲೆ ಬಡಗಿ ನನ್ನ ಮೇಲೆ ಹತ್ತಿ ಕುಣಿದು ನೋಡಿದ. ನಾನು ಮಿಸುಕಲಿಲ್ಲ.

ನನ್ನನ್ನು ಕೊಂಡವರು ಡಾಕ್ಟರ್ ಹಾರ್ಲನ್ ಪೀಟ್. ಒಂದು ಸಣ್ಣ ಊರಿನ ಆಸ್ಟಿಯೋಪತಿ ವೈದ್ಯರು. ಆ ದೇಶದಲ್ಲಿ ಇವರೂ ಪೂರಾ ಡಾಕ್ಟರರೇ: ಔಷಧಿ ಬರೆಯುತ್ತಾರೆ, ಬೇಕಾದರೆ ಆಪರೇಷನ್ ಕಲಿತು ಮಾಡುತ್ತಾರೆ. ಜೊತೆಗೆ ಮೂಳೆ, ಕೀಲು, ಸ್ನಾಯುಗಳನ್ನು ಬರಿಗೈಯಿಂದ ಪರೀಕ್ಷಿಸಿ ಸಡಿಲಿಸುವ ವಿದ್ಯೆಯನ್ನೂ ಕಲಿತಿರುತ್ತಾರೆ. ಹಾರ್ಲನ್ನರ ಕೈ ದೊಡ್ಡದು, ಸ್ಪರ್ಶ ಮಾತ್ರ ಹೂವಿನ ಹಾಗೆ.

ಅಲ್ಲಿಗೆ ಒಂದು ದಿನ ನೀಲಾಂಬಿಕಾ ಬಂದಳು. ಮನೆಯಲ್ಲಿ ಅವಳು ನೀಲಾ. ಅಪ್ಪ ಅವ್ವ ಗದಗಿನವರು. ಅವ್ವ ಕಸ್ತೂರಿ ನರ್ಸ್ ಕೆಲಸಕ್ಕೆಂದು ಆ ಊರಿಗೆ ಬಂದವರು. ಅಪ್ಪ ಬಸವಂತಪ್ಪ ಒಂದು ಕಾಲಕ್ಕೆ ಗರಡಿಮನೆಯ ಪೈಲ್ವಾನ, ಈಗ ಶಾಲೆ ಬಸ್ಸಿನ ಡ್ರೈವರ್. ನೀಲಾ ಆಂಬುಲೆನ್ಸಿನಲ್ಲಿ ಕೆಲಸ ಮಾಡುತ್ತಿದ್ದಳು. ಸ್ಟ್ರೆಚರ್ ಎತ್ತುವಾಗ ಭುಜ ಹಿಡಿದುಕೊಂಡಿತ್ತು, ಕೈ ಮೇಲೇಳುತ್ತಿರಲಿಲ್ಲ.

"ಡಾಕ್ಟರ್, ನೋವಿರೋದು ಭುಜದಲ್ಲಿ. ನೀವು ಪಕ್ಕೆಲುಬು ಯಾಕೆ ಮುಟ್ತಿದ್ದೀರಿ?" ಎಂದಳು.

"ನೋವು ಕೂಗೋದು ಒಂದು ಕಡೆ, ಅಡಗಿ ಕೂತಿರೋದು ಇನ್ನೊಂದು ಕಡೆ. ಉಸಿರು ಎಳ್ಕೋ ನೋಡೋಣ," ಎಂದರು ಹಾರ್ಲನ್.

ಅವಳು ಉಸಿರೆಳೆದಳು, ಬಿಟ್ಟಳು. ಅವರು ಮೆಲ್ಲಗೆ ಒತ್ತಿ ಹಿಡಿದು ಬಿಟ್ಟರು. ಅವಳ ಕೈ ತಾನಾಗಿ ತಲೆಯ ಮೇಲಕ್ಕೆ ಹೋಯಿತು! ನೀಲಾ ನನ್ನಿಂದ ಇಳಿಯಲೇ ಇಲ್ಲ. ಕೈಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, "ಇದನ್ನ ಎಲ್ಲಿ ಕಲಿಸ್ತಾರೆ? ನಾನೂ ಕಲೀಬಹುದಾ?" ಎಂದು ಕೇಳಿದಳು. ಅವಳ ಎದೆ ಡಬಡಬ ಹೊಡೆದುಕೊಳ್ಳುವುದು ನನ್ನ ಸ್ಪಂಜಿಗೆಲ್ಲ ಗೊತ್ತಾಗುತ್ತಿತ್ತು.

ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಬಂದು ಹಾರ್ಲನ್ನರ ಪಕ್ಕ ನಿಂತು ನೋಡುತ್ತಿದ್ದಳು. ಆಸ್ಟಿಯೋಪತಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದಳು, ಸಿಗಲಿಲ್ಲ. ಮರುವರ್ಷವೂ ಸಿಗಲಿಲ್ಲ. ಆ ದಿನ ಕ್ಲಿನಿಕ್ಕಿಗೆ ಬಂದು ನನ್ನ ಅಂಚಿನಲ್ಲಿ ಕೂತು, "ನಮ್ಮವ್ವ ಸಾಕು ಬಿಡು ಅಂತಾಳೆ. ವಯಸ್ಸು ಮೂವತ್ತಾಗ್ತಾ ಬಂತಂತೆ," ಎಂದಳು.

"ನೀನೇನು ಅಂತೀಯ?" ಎಂದರು ಹಾರ್ಲನ್.

ಅವಳು ಎದ್ದು ನನ್ನ ರೆಕ್ಸಿನ್ನನ್ನು ಒರೆಸಿದಳು. ಆಮೇಲೆ, "ಇನ್ನೊಂದ್ಸಲ," ಎಂದಳು.

ಮೂರನೆಯ ಸಲ ಕಾಲೇಜಿನವರು ಅವಳ ಹೆಸರನ್ನು ಕಾಯುವವರ ಪಟ್ಟಿಯಲ್ಲಿಟ್ಟರು. ತರಗತಿ ಶುರುವಾಗಲು ಇನ್ನೇನು ಕೆಲವೇ ದಿನ ಇದ್ದಾಗ ಕಾಲೇಜಿನಿಂದ ಅವಳಿಗೆ ಫೋನು ಬಂತು. ನನ್ನ ಮೇಲೆ ಆಗ ಒಬ್ಬ ಅಜ್ಜಿ ಮಲಗಿದ್ದರು. ನೀಲಾ "ಹೌದು, ಹೌದು, ಬರ್ತೀನಿ!" ಎಂದು ಕೂಗಿ, ಮಲಗಿದ್ದ ಅಜ್ಜಿಯನ್ನೇ ಅಪ್ಪಿಕೊಂಡುಬಿಟ್ಟಳು. ಅಜ್ಜಿಗೆ ಏನೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು. ಹಾರ್ಲನ್ ಆ ವರ್ಷ ಕ್ಲಿನಿಕ್ ಮುಚ್ಚುವವರಿದ್ದರು. ನನ್ನನ್ನು ಮಡಚಿ ಅವಳ ಕೈಗೆ ಕೊಟ್ಟರು.

ಹೀಗೆ ನಾನು ಕಾಲೇಜಿನ ಊರಿಗೆ ಹೋದೆ. ನೀಲಾಳ ಜೊತೆ ಕೋಣೆಯಲ್ಲಿ ಮರಿಸೋಲ್ ಎಂಬ ಸಹಪಾಠಿ ಇದ್ದಳು. ಅಬ್ಬಾ, ಅದೆಂಥ ಗದ್ದಲದ ಕಾಲ! ಸಂಜೆಯಾದರೆ ಗೆಳೆಯರು ಬಂದು ಸರದಿಯಲ್ಲಿ ನನ್ನ ಮೇಲೆ ಮಲಗುವರು. "ಇದು ಕುತ್ತಿಗೆಯ ಏಳನೇ ಮೂಳೆ." "ಅಲ್ಲ, ಇದು." "ಅಯ್ಯೋ, ಕಚಗುಳಿ!" ಒಬ್ಬರ ಬೆನ್ನು ಇನ್ನೊಬ್ಬರಿಗೆ ಪಾಠ.

ಬೆರಳು ಹದವಾಗಲು ಅವರಿಗೊಂದು ಅಭ್ಯಾಸವಿತ್ತು. ಪುಸ್ತಕದ ಹಾಳೆಯ ಕೆಳಗೆ ಒಂದು ಕೂದಲಿಟ್ಟು, ಕಣ್ಣು ಮುಚ್ಚಿ, ಹಾಳೆಯ ಮೇಲಿಂದಲೇ ಅದನ್ನು ಹುಡುಕಬೇಕು. ಮರಿಸೋಲಳಿಗೆ ಬೇಗ ಸಿಕ್ಕಿತು. ನೀಲಾಳಿಗೆ ಸಿಗಲಿಲ್ಲ. ಅದೇ ವಾರ ಅಂಗರಚನೆಯ ಪರೀಕ್ಷೆಯಲ್ಲೂ ಫೇಲಾದಳು. ಬಂದವಳೇ ನನ್ನ ಮೇಲೆ ಬೋರಲು ಬಿದ್ದು ಅತ್ತಳು. ಕಣ್ಣೀರು ಆ ತೂತಿನಿಂದ ಟಪ್ ಟಪ್ ಎಂದು ನೆಲಕ್ಕೆ ಬೀಳುತ್ತಿತ್ತು. ಮರಿಸೋಲ್ ನೆಲದ ಮೇಲೆ ಅಂಗಾತ ಮಲಗಿ, ತೂತಿನ ಕೆಳಗೆ ತನ್ನ ಮುಖ ತಂದು, "ಇಲ್ಲಿ ಮಳೆ ಬರ್ತಿದೆ, ಕೊಡೆ ಕೊಡ್ತೀಯಾ?" ಎಂದಳು. ಅಳುತ್ತಿದ್ದ ನೀಲಾ ಕಿಸಕ್ಕನೆ ನಕ್ಕಳು.

ಮತ್ತೆ ಓದಿದಳು, ಮತ್ತೆ ಬರೆದಳು, ಪಾಸಾದಳು. ಕೂದಲನ್ನೂ ಬಿಡಲಿಲ್ಲ. ಹಾಳೆಯನ್ನು ನನ್ನ ಮೇಲೆಯೇ ಹಾಸಿಕೊಂಡು ದಿನಾ ಹುಡುಕುತ್ತಿದ್ದಳು. ಒಂದು ಬೆಳಿಗ್ಗೆ ಬೆರಳು ಒಂದು ಕಡೆ ತಡೆದು ನಿಂತಿತು. "ಸಿಕ್ತು! ಮರಿಸೋಲ್, ಏಳೇ, ಸಿಕ್ತು!" ಆಮೇಲೆ ಇನ್ನೊಂದು ಹಾಳೆ ಹೊದಿಸಿದಳು. ಆಗಲೂ ಸಿಕ್ಕಿತು.

ಎರಡನೆಯ ವರ್ಷದ ರಜೆಯಲ್ಲಿ ನನ್ನನ್ನು ಅಪ್ಪನ ಮನೆಗೆ ತಂದಳು. ಪಡಸಾಲೆಯಲ್ಲಿ ಬಿಡಿಸಿಟ್ಟಳು. ಬಸವಂತಪ್ಪ ಸೊಂಟ ಹಿಡಿದುಕೊಂಡು ಬಂದರು.

"ಯವ್ವಾ, ಮುಂಜಾನಿಂದ ನಡಾ ಭಾಳ ಬ್ಯಾನಿ ಆಗೈತಿ. ಬಸ್ಸಿನ ಸೀಟಿಂದ ಆಗೈತಿ ಅಂತ ಕಾಣಸ್ತೈತಿ. ನಿನ್ನ ವಿದ್ಯೆ ತೋರ್ಸು ನೋಡೋಣು."

ಪೈಲ್ವಾನರ ಭಾರಕ್ಕೆ ನನ್ನ ಕೀಲುಗಳೆಲ್ಲ ಕಿರ್ ಎಂದವು. ಕಸ್ತೂರಿ ಅಡುಗೆಮನೆಯಿಂದ, "ಪೈಲ್ವಾನರು ಚಿತ್ ಆದ್ರು ನೋಡ್ರಿ ಮಗಳ ಕೈಯಾಗ!" ಎಂದು ನಕ್ಕರು.

ನೀಲಾ ಬೆನ್ನು ಮುಟ್ಟಿದಳು. ಬೆರಳುಗಳು ಮೆಲ್ಲಗೆ ಇಳಿದವು, ನಿಂತವು. ಅಷ್ಟು ನೋವಿದ್ದರೆ ಸ್ನಾಯು ಬಿಗಿದಿರಬೇಕಿತ್ತು, ಬಿಗಿದಿರಲಿಲ್ಲ.

"ಅಪ್ಪಾ, ಮಗ್ಗಲಾ ಹೊಳ್ಳಿದ್ರ ಬ್ಯಾನಿ ಹೆಚ್ಚಾಗತೈತೇನು?"

"ಹೊಳ್ಳಿದ್ರೂ ಅಷ್ಟ, ಸುಮ್ನ ಮಲಗಿದ್ರೂ ಅಷ್ಟ."

ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಹಗುರವಾಗಿ ಕೈಯಿಟ್ಟಳು. ಹೊಕ್ಕುಳಿನ ಮೇಲ್ಗಡೆ ಏನೋ ದಪ್ಪಗೆ ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಅವಳ ಎರಡು ಕೈಗಳು ಆಚೀಚೆ ಸರಿಯುತ್ತಿದ್ದವು. ನನಗೂ ಆ ಬಡಿತ ಬೆನ್ನಿನ ಮೂಲಕ ತಾಗಿತು. ಅಂಥ ಬಡಿತವನ್ನು ನಾನು ಎಂದೂ ಹೊತ್ತಿರಲಿಲ್ಲ.

"ಯಾಕ ನಿಂತಿ? ಒತ್ತು," ಎಂದರು ಕಸ್ತೂರಿ.

"ಇಲ್ಲವ್ವಾ, ಇದು ಒತ್ತೋದಲ್ಲ. ಹೊಟ್ಟ್ಯಾಗಿನ ದೊಡ್ಡ ರಕ್ತನಾಳ ಬಲೂನಿನಂಗ ಉಬ್ಬೈತಿ, ಒಡದೀತು. ಅಪ್ಪಾ, ಏಳಬ್ಯಾಡ. ಹಂಗ ಮಲಕ್ಕೊ."

"ಏ, ಹುಚ್ಚಿ, ಒಂದೀಟ ನಡಾ ಬ್ಯಾನಿಗೆ..." ಎಂದು ಅವರು ಏಳಹೋದರು. ನೀಲಾ ಎರಡೂ ಕೈಗಳಿಂದ ಅಪ್ಪನ ಭುಜ ಹಿಡಿದಳು. "ಅಪ್ಪಾ, ನನ್ನ ಮಾತು ಕೇಳು." ಆ ದನಿ ಕೇಳಿ ಪೈಲ್ವಾನರು ಮಗುವಿನಂತೆ ತಣ್ಣಗೆ ಮಲಗಿದರು.

ಆಂಬುಲೆನ್ಸಿನಲ್ಲಿ ಬಂದವರು ಅವಳ ಹಳೆಯ ಗೆಳೆಯರೇ. ಎಲ್ಲರೂ ಹೋದರು. ಬಾಗಿಲು ತೆರೆದೇ ಇತ್ತು, ಒಲೆಯ ಮೇಲೆ ಒಗ್ಗರಣೆ ಅರ್ಧಕ್ಕೆ ನಿಂತಿತ್ತು. ನನ್ನ ಸ್ಪಂಜಿನಲ್ಲಿ ಅವರ ಬೆನ್ನಿನ ತಗ್ಗು ನಿಧಾನವಾಗಿ ಮೇಲೇಳುತ್ತಿತ್ತು. ಅದು ಪೂರ್ತಿ ಅಳಿಸಿಹೋಗದಿರಲಿ ಎಂದು ನಾನು ಬಯಸಿದೆ.

ಮರುದಿನ ಬೆಳಿಗ್ಗೆ ಕಸ್ತೂರಿ ಬಂದು, ನನ್ನ ಮೇಲೆ ಕೂತೇ ಗದಗಿನ ನಾದಿನಿಗೆ ಫೋನು ಮಾಡಿದರು. "ಆಪರೇಷನ್ ಆತು. ಅದಾರ, ಬದುಕ್ಯಾರ! ಡಾಕ್ಟರು ಕೇಳಿದ್ರು, ಇದನ್ನ ಕೈಲೆ ಹಿಡದವರು ಯಾರು ಅಂತ. ನನ್ನ ಮಗಳು ಅಂದೆ. ಇನ್ನೂ ಓದಾಕತ್ಯಾಳ ಅಂದೆ." ಫೋನಿಟ್ಟು ನನ್ನ ರೆಕ್ಸಿನ್ನನ್ನು ಸವರುತ್ತಾ ಕೂತರು.

ನೀಲಾ ಡಾಕ್ಟರಾದ ದಿನ ಬಸವಂತಪ್ಪ ಗದಗಿನ ಹಳದಿ ರುಮಾಲು ಸುತ್ತಿಕೊಂಡು ಸಮಾರಂಭಕ್ಕೆ ಹೋದರಂತೆ. ಮಗಳ ಹೆಸರು ಕರೆದಾಗ ಕುಸ್ತಿ ಕಣದಲ್ಲಿ ಹೊಡೆಯುವ ಹಾಗೆ ತೊಡೆ ತಟ್ಟಿದರಂತೆ. ಇಡೀ ಸಭೆ ತಿರುಗಿ ನೋಡಿತಂತೆ.

ಈಗ ನನಗೆ ವಯಸ್ಸಾಗಿದೆ. ರೆಕ್ಸಿನ್ ಹರಿದಿದೆ, ಒಂದು ಕಾಲಿಗೆ ದಾರ ಸುತ್ತಿದ್ದಾರೆ. ನೀಲಾಳ ಆಸ್ಪತ್ರೆಯಲ್ಲಿ ಬಟನ್ ಒತ್ತಿದರೆ ಏರಿಳಿಯುವ ಟೇಬಲ್ಲುಗಳಿವೆ. ನಾನು ಅವಳ ಅಪ್ಪನ ಮನೆಯ ಹಿತ್ತಲಿನಲ್ಲಿದ್ದೇನೆ. ಬೇಸಿಗೆಯಲ್ಲಿ ಕಸ್ತೂರಿ ನನ್ನ ಮೇಲೆ ಪಂಚೆ ಹಾಸಿ ಸಂಡಿಗೆ ಇಡುತ್ತಾರೆ, ಬಸವಂತಪ್ಪ ಪಕ್ಕದಲ್ಲಿ ಕೂತು ಹಕ್ಕಿ ಓಡಿಸುತ್ತಾರೆ. ಮನುಷ್ಯರ ನೋವನ್ನು ಹೊತ್ತವನಿಗೆ ಸಂಡಿಗೆ ಭಾರವೇ?

ಇವತ್ತು ಮಧ್ಯಾಹ್ನ ನೀಲಾ ದವಾಖಾನೆಯಿಂದ ನೇರ ಹಿತ್ತಲಿಗೇ ಬಂದಳು. "ಅವ್ವಾ, ಇವತ್ತ ಒಂದು ಹೆರಿಗಿ ಮಾಡಿಸಿದೆ. ಕೂಸು ಹ್ಯಾಂಗ ಅತ್ತಿತು ಅಂತಿ!" ಎಂದು ಕಣ್ಣರಳಿಸಿ ಹೇಳಿದಳು. ಹೇಳುತ್ತಲೇ ಒಣಗಿದ ಸಂಡಿಗೆಯನ್ನು ಒಂದು ಕಡೆ ಸರಿಸಿ ನನ್ನ ಮೇಲೆ ಒರಗಿದಳು. ಕೂಸಿನ ಮಾತು ಮುಗಿಯುವ ಮೊದಲೇ ನಿದ್ದೆ ಹೋದಳು. ಕಸ್ತೂರಿ ಅವಳ ಶೂ ಬಿಚ್ಚುತ್ತಿದ್ದಾರೆ. ಬಸವಂತಪ್ಪ ತುಟಿಗೆ ಬೆರಳಿಟ್ಟು ಹಕ್ಕಿಗಳಿಗೂ ಸುಮ್ಮನಿರಲು ಹೇಳುತ್ತಿದ್ದಾರೆ. ನನ್ನ ಕೀಲುಗಳು ಕಿರುಗುಡಬೇಕೆನ್ನುತ್ತಿವೆ. ಬಿಗಿಹಿಡಿದು ನಿಂತಿದ್ದೇನೆ.