ಹಟ್ಟಿಯ ಸೋಲಾರ್ ಗಾಡಿ

ಬ್ಯಾಟರಿ ಮತ್ತೆ ಸತ್ತಿತ್ತು. ಮೈಲಾರವ್ವ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಕೈಯಿಟ್ಟು ನೋಡಿದಳು. ತಂಪಿನ ಸುಳಿವೇ ಇಲ್ಲ; ಇನ್ಸುಲಿನ್ ಬಾಟಲಿ ಬೆಚ್ಚಗಿತ್ತು. "ಇದರ ಮನಿ ಹಾಳಾಗ" ಎಂದು ಬಾಗಿಲನ್ನು ದಢಾರನೆ ಬಡಿದಳು.

ಮೈಯಲ್ಲಿ ಸಕ್ಕರೆ ಸೇರಿಕೊಂಡ ಮೇಲೆ ಅವಳ ಬೇಸಿಗೆಗಳೇ ಕೆಟ್ಟುಹೋಗಿದ್ದವು. ಸುಗ್ಗಿ ಮುಗಿದೊಡನೆ ಕುರಿ ಹಿಂಡು ಹೊಡೆದುಕೊಂಡು ಅಣ್ಣಿಗೇರಿ ಕಡೆಯ ಕರಿಮಣ್ಣಿನ ಎರಿ ಹೊಲಗಳಿಗೆ ಬರುವುದು, ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ಹಟ್ಟಿ ಹಾಕುವುದು, ಮದುವೆಯಾದಾಗಿನಿಂದ ಅವಳಿಗೆ ಗೊತ್ತಿದ್ದ ಬಾಳು ಅದು. ಸೂಜಿಮದ್ದು ಶುರುವಾದ ಮೇಲೆ ಎರಡು ಬೇಸಿಗೆ ಬಮ್ಮಿಗಟ್ಟಿಯ ಮಗಳು ಮಂಜುಳಾಳ ಮನೆಯಲ್ಲಿ, ಫ್ರಿಜ್ಜಿನ ಆಸರೆಗೆ, ಟಿವಿ ಮುಂದೆ ಕೂತು ಕಳೆದಿದ್ದಳು. ಬೀಗರು ಒಳ್ಳೆಯವರೇ. ಆದರೆ ಎರಡು ಹೊತ್ತು ಉಂಡು ಸುಮ್ಮನೆ ಕೂಡುವುದೆಂದರೆ ಅವಳಿಗೆ ಜೀವ ಹಿಂಡಿದಂತಾಗುತ್ತಿತ್ತು.

ಈ ವರ್ಷ ಹಿರಿಮಗ ಸುಭಾಸ ಒಂದು ಹಳೇ ಟೆಂಪೊ ಹಿಡಿದು ತಂದ. ಅಣ್ಣಿಗೇರಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟವನು. ಗಾಡಿಯೊಳಗೆ ಮಂಚ, ಒಲೆ, ಗೇಣುದ್ದದ ಫ್ರಿಜ್ಜು ಕೂಡಿಸಿ, ಚಾವಣಿ ಮೇಲೆ ಎರಡು ಸೋಲಾರ್ ಪ್ಲೇಟು ಬಡಿದ. ಚಕ್ರದ ಮೇಲಿನ ಮನೆ! ಮೈಲಾರವ್ವ ಹಿಗ್ಗಿ ಹೀರೇಕಾಯಿ ಆದಳು. ಆ ಹಿಗ್ಗಿಗೆ ಯಾರ ಕಣ್ಣು ಬಿತ್ತೋ ಏನೋ. ಸುಭಾಸ ಅಂಗಡಿ ತೆರೆಯುವ ಮುಂಚೆ ಮುಂಜಾನೆ ಬಂದು ನೋಡಿದಾಗೆಲ್ಲ ಪ್ಲೇಟು ಸರಿ, ವೈರು ಸರಿ, ಹಸಿರು ದೀಪ ಸರಿ. ಅವನು ಬೆನ್ನು ತಿರುಗಿಸಿದ ಮೇಲೆ ಬ್ಯಾಟರಿಯ ಪ್ರಾಣ ಹೋಗುವುದು. ಈಗ ಸತ್ತಿದ್ದು ಎರಡನೆಯದು.

ಫೋನು ಹಚ್ಚಿದರೆ ಸುಭಾಸ ಸಿಡಿದುಬಿದ್ದ. "ಸಾಕಾತವ್ವ. ಮಧ್ಯಾಹ್ನ ಹೊಸಾ ಔಷಧ ತಗೊಂಡ ಬರ್ತೀನಿ, ಗಂಟು ಕಟ್ಟಿರು. ಮಂಜುಳಾನ ಮನಿಗೆ ಬಿಟ್ಟ ಬರ್ತೀನಿ."

ಅವಳು ಗಂಡನತ್ತ ನೋಡಿದಳು. ಮಲಕಪ್ಪ ಕುರಿಹಟ್ಟಿಯ ಜಾಲರಿಯ ಬಳಿ ಕುಕ್ಕುರುಗಾಲಲ್ಲಿ ಕೂತು ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ.

"ಕೇಳಸ್ತಿಲ್ಲೊ? ನನ್ನ ಕರಕೊಂಡ ಹೊಂಟಾನ."

"ಹ್ಞೂಂ."

ಇಷ್ಟೇ! ಹೋಗಬೇಡ ಎನ್ನಲು ಇವನ ಗಂಟೇನು ಹೋಗುತ್ತಿತ್ತು? ಒಂದು ಮಾತು ಆಡಿದ್ದರೆ ಅವಳು ಮಗನ ಕೂಡ ಜಗಳಾಡಿಯಾದರೂ ಉಳಿಯುತ್ತಿದ್ದಳು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ರೊಟ್ಟಿ ಬುತ್ತಿ ತಲೆಯ ಮೇಲಿಟ್ಟುಕೊಂಡು, ಹಿಂಡು ಮೇಯಿಸುತ್ತಿದ್ದ ಕಿರಿಮಗ ಮಾಂತೇಶನ ಕಡೆ ಬಿರಬಿರನೆ ನಡೆದಳು.

ದಿನಾ ಅಲ್ಲೇ ಹೊತ್ತು ಇಳಿಯುವ ತನಕ ಇದ್ದು ಬರುವವಳು. ಇವತ್ತು ಗಂಟು ಕಟ್ಟುವುದಿತ್ತಲ್ಲ, ಬುತ್ತಿ ಕೊಟ್ಟವಳೇ ಹೊರಳಿದಳು. ಬಿಸಿಲು ನೆತ್ತಿ ಸುಡುತ್ತಿತ್ತು. ದೂರದಿಂದಲೇ ಕಾಣಿಸಿತು: ಗಾಡಿಯ ಚಾವಣಿ ಪೂರ್ತಿ ಕರ್ರಗೆ. ಹತ್ತಿರ ಬಂದು ನೋಡಿದರೆ, ಎರಡು ಪ್ಲೇಟುಗಳನ್ನೂ ಮುಚ್ಚಿ ಕಂಬಳಿ ಹಾಸಿದೆ. ನಿಚ್ಚಣಿಕೆಯ ಮೇಲೆ ಮಲಕಪ್ಪ, ನೋಯುವ ಮೊಣಕಾಲನ್ನು ಎಳೆದುಕೊಂಡು ನಿಂತು, ಕಂಬಳಿಯ ಮೇಲೆ ಕೊಡದಿಂದ ನೀರು ಸುರಿಯುತ್ತಿದ್ದಾನೆ. ಅವಳು ಹೊಲದ ಯಜಮಾನ ಕುಬೇರಪ್ಪನ ಕೃಷಿಹೊಂಡದಿಂದ ಹೊತ್ತು ತಂದ ನೀರು.

"ಏನ್ ಮಾಡಾಕತ್ತಿಯೋ ಯಪ್ಪಾ!"

"ಕಾಣಸ್ತಿಲ್ಲೇನ? ತಂಪ ಮಾಡಾಕತ್ತೀನಿ. ಗಾಡಿ ಹಂಚಿನಂಗ ಕಾದೈತಿ. ಒಳಗ ನಿನ್ನ ಔಷಧ ಐತಿ."

"ಬಿಸಲ ಬಿದ್ರs ಅಲ್ಲೇನೋ ಕರೆಂಟ್ ಆಗೂದು?"

"ಮುಂಜಾನಿ ಬೀಳತೈತೆಲ್ಲ. ಕುರಿ ಸೈತ ಮುಂಜಾನಿ ಮೇಯ್ತಾವು, ನಡು ಮಧ್ಯಾಹ್ನ ನೆರಳಿಗೆ ನಿಲ್ತಾವು. ಈ ಉರಿಯಾಗ ಮೇಸಿದ್ರ ಯಾವ ಜೀವ ಉಳಿತೈತಿ?"

"ಅದೇನ್ ಕುರಿ ಐತೇನೋ!" ಮೈಲಾರವ್ವ ಹಣೆ ಬಡಿದುಕೊಂಡಳು. "ದಿನಾ ಹಿಂಗs ಮಾಡೀಯೇನು?"

"ದಿನಾ. ನೀ ಬರೂದ್ರಾಗ ತಗೀತಿದ್ದೆ, ಒಣಗಬೇಕಲ್ಲ."

ಅವಳು ಕಂಬಳಿಯ ಅಂಚು ಹಿಡಿದು ಎಳೆದಳು. ನೀರು ಕುಡಿದು ಭಾರವಾಗಿದ್ದ ಕಂಬಳಿ ಅವಳ ಮೈಮೇಲೇ ಬಿತ್ತು. ಸೀರೆ ತೊಯ್ದು ತೊಪ್ಪೆಯಾಯಿತು. ಅರ್ಧ ತಾಸಿನಲ್ಲಿ ಹಸಿರು ದೀಪ ಹೊತ್ತಿ, ಫ್ರಿಜ್ಜು ಗುಂಯ್ ಅನ್ನಲು ಶುರುಮಾಡಿತು.

ಸುಭಾಸ ಬೈಕಿನ ಮೇಲೆ ಬಂದು ವಿಷಯ ಕೇಳಿದವನೇ ತಲೆ ಹಿಡಿದುಕೊಂಡು ಕೂತುಬಿಟ್ಟ. "ಹೊಸಾ ಬ್ಯಾಟ್ರಿ ತಂದ ಹಾಕೇನಲ್ಲೋ ಯಪ್ಪಾ! ವೈರ್ ಎಲ್ಲಾ ಬಿಚ್ಚಿ ಕೂಡಿಸೇನಿ! ಒಂದ್ ಮಾತ ಹೇಳೂದಲ್ಲ?"

"ನೀ ಎಲ್ಲಿ ಕೇಳೀದಿ?" ಎಂದ ಮಲಕಪ್ಪ.

ಸುಭಾಸ ಅವಳು ಕಟ್ಟಿಟ್ಟಿದ್ದ ಗಂಟನ್ನು ಬೈಕಿಗೆ ಬಿಗಿದು ತಾಯಿಯತ್ತ ತಿರುಗಿದ. "ಇವತ್ತ ಕಂಬಳಿ, ನಾಳೆ ಮತ್ತೇನರ ಮಾಡ್ತಾನ. ಈಂವನ್ನ ನಂಬಾಕ ಆಗೂದಿಲ್ಲ. ಮಂಜುಳಾನ ಮನ್ಯಾಗ ಕರೆಂಟ್ ಇರತೈತಿ, ನಡಿಯವ್ವ."

ಅವಳು ಏಳಲಿಲ್ಲ. ಮಗ ಹೇಳುವುದರಲ್ಲಿ ತಪ್ಪಿರಲಿಲ್ಲ, ಅವಳಿಗೆ ಗೊತ್ತಿತ್ತು. ಮಲಕಪ್ಪ ಕಂಬಳಿಯ ಒಂದು ತುದಿ ಹಿಡಿದು ಹಿಂಡುತ್ತ ನಿಂತಿದ್ದ. ನೀರು ನಿಂತರೂ ಹಿಂಡುತ್ತಲೇ ಇದ್ದ. ಕೊನೆಗೆ ಯಾರ ಮುಖವನ್ನೂ ನೋಡದೆ ಅಂದ:

"ಹ್ವಾದ ಎರಡು ವರ್ಷ ಆಕಿ ಇರಲಿಲ್ಲ. ನಂಗ ಸಂಜಿ ಆದರ ಎತ್ತಾಗ ಮುಖ ಮಾಡಿ ಕುಂದರಬೇಕಂತ ತಿಳೀತಿರಲಿಲ್ಲ. ಅದಕ್ಕs ಔಷಧ ಕೆಡಬಾರದಂತ..."

ಸುಭಾಸ ತಂದ ಹೊಸ ಔಷಧವನ್ನು ಫ್ರಿಜ್ಜಿನಲ್ಲಿಟ್ಟು, ಬೈಕಿಗೆ ಕಟ್ಟಿದ್ದ ಗಂಟನ್ನು ತಾನೇ ಬಿಚ್ಚತೊಡಗಿದ.

ಮೈಲಾರವ್ವ ಕಣ್ಣೊರೆಸಲು ಸೆರಗೆತ್ತಿದರೆ ಸೆರಗಿನಿಂದಲೇ ನೀರು ತೊಟ್ಟಿಕ್ಕುತ್ತಿತ್ತು. ಅದಕ್ಕೂ ಸಿಟ್ಟು ಬಂತು.

"ಈ ಮಾತ ಬಾಯಿಂದ ಬರಾಕ ಎರಡು ಬ್ಯಾಟ್ರಿ ಸಾಯಬೇಕಿತ್ತೇನೋ ನಿನಗ?" ಎಂದಳು.