ಗೋಡೆಯ ಮೇಲೆ ನಾನು ತೋರಿಸಿದ ‘ಇಲ್ಲ’

ನನಗೆ ಇರುವುದು ಒಂದೇ ಕಣ್ಣು. ಆ ಕಣ್ಣಿನಿಂದ ನಾನು ನೋಡಿದ್ದಕ್ಕಿಂತ ತೋರಿಸಿದ್ದೇ ಹೆಚ್ಚು. ನಾನು ಪ್ರೊಜೆಕ್ಟರ್. ದೂರದೇಶದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಹುಟ್ಟಿದ ದಿನ ಒಬ್ಬಳು ಕೆಲಸಗಾತಿ ನನ್ನ ಬಲ್ಬು ಹೊತ್ತಿಸಿ, ಎದುರಿನ ಬಿಳಿಗೋಡೆಯ ಮೇಲೆ ನನ್ನ ಬೆಳಕು ಚೌಕವಾಗಿ ಬಿದ್ದಿದೆಯೇ ಎಂದು ನೋಡಿ, ತಲೆಯಾಡಿಸಿ, ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದಳು. ತವರಿನ ನೆನಪು ಎಂದರೆ ನನಗೆ ಅಷ್ಟೇ.

ಕಣ್ಣು ಬಿಟ್ಟಾಗ ಹುಬ್ಬಳ್ಳಿಯಲ್ಲಿದ್ದೆ. ಮೊದಲ ಯಜಮಾನ ಟ್ಯೂಷನ್ ಕ್ಲಾಸಿನ ಮೇಷ್ಟ್ರು. ಅವರು ನನ್ನಿಂದ ತ್ರಿಕೋನಮಿತಿ ತೋರಿಸಿದರು, ಮಕ್ಕಳು ನಿದ್ದೆ ಮಾಡಿದರು. ಕ್ಲಾಸು ಮುಚ್ಚಿದ ಮೇಲೆ ಮದುವೆ ವಿಡಿಯೋ ತೆಗೆಯುವವನ ಕೈಗೆ ಹೋದೆ. ಅಲ್ಲಿ ಅಕ್ಕಿಕಾಳು ನನ್ನ ಫ್ಯಾನಿನೊಳಗೆ ಹೊಕ್ಕವು. ಒಮ್ಮೆ ಬೀಗರ ಜಗಳದ ನಡುವೆ ನೆಲಕ್ಕೆ ಬಿದ್ದು ಮೂಲೆ ಸೀಳಿತು. ಸೀಳಿದ ಪ್ರೊಜೆಕ್ಟರ್ ಮದುವೆಮನೆಗೆ ಶೋಭೆಯಲ್ಲವೆಂದು ಅವನು ನನ್ನನ್ನು ಅಗ್ಗಕ್ಕೆ ಮಾರಿದ. ಕೊಂಡವರು ಗದಗಿನ ಗ್ರಂಥಪಾಲಕರ ಬಳಗದವರು. ಸುತ್ತಮುತ್ತಲಿನ ಸಣ್ಣಪುಟ್ಟ ಗ್ರಂಥಾಲಯಗಳಲ್ಲಿ ಕೆಲಸ ಮಾಡುವವರೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು.

ನನ್ನ ನಿಜವಾದ ಬದುಕು ಅಲ್ಲಿಂದ ಶುರುವಾಯಿತು. ಮೇಜಿನ ಮೇಲೆ ಕೂರುವ ನನಗೆ ಮನುಷ್ಯರ ಮುಖಕ್ಕಿಂತ ಮೊದಲು ಹೊಟ್ಟೆಯ ಪರಿಚಯವಾಗುತ್ತದೆ. ಬಳಗದ ಅಧ್ಯಕ್ಷರು ಮಲ್ಲೇಶಪ್ಪ ಅಬ್ಬಿಗೇರಿ. ಹೊಟ್ಟೆಯ ಮೇಲೆ ಜೇಬು, ಜೇಬಿನಲ್ಲಿ ಎರಡು ಪೆನ್ನು, ಭಾಷಣಕ್ಕೆ ನಿಂತರೆ ಮಿರ್ಚಿಭಜಿ ಆರಿ ತಣ್ಣಗಾಗುವವರೆಗೂ ಕೂರುವವರಲ್ಲ. ತಿಂಗಳಿಗೊಮ್ಮೆ ಸಭೆ. ಪ್ರತಿ ಸಭೆಗೂ ಯಾರಾದರೂ ಒಂದು ಹೊಸ ಸಾಧನ ತಂದು ನನ್ನ ಬೆನ್ನಿಗೆ ತಂತಿ ಚುಚ್ಚಿ ಗೋಡೆಯ ಮೇಲೆ ತೋರಿಸುವರು. ಪುಸ್ತಕದ ಬೆನ್ನಿಗೆ ಅಂಟಿಸುವ ಬಾರ್‌ಕೋಡಿನ ಗೆರೆಪಟ್ಟಿ, ಫೋನಿನಲ್ಲಿ ತೆರೆಯುವ ಸೂಚಿ, ಹಳೆಯ ಪುಟಗಳನ್ನು ಓದಿ ಅಕ್ಷರವಾಗಿಸುವ ಯಂತ್ರ, ಎಲ್ಲವೂ ನನ್ನ ಕಣ್ಣಿನ ಮೂಲಕವೇ ಗದಗಿಗೆ ಬಂದವು. ಹೆಮ್ಮೆಯಿಂದಲೇ ಹೇಳುತ್ತೇನೆ: ಆ ಊರಿನ ಗ್ರಂಥಪಾಲಕರಿಗೆ ಹೊಸ ಕಾಲವನ್ನು ತೋರಿಸಿದವನು ನಾನು.

ಬಳಗದಲ್ಲಿ ನನ್ನನ್ನು ಚೀಲಕ್ಕೆ ಹಾಕುವ ಮೊದಲು ಟವೆಲಿನಲ್ಲಿ ಸುತ್ತುತ್ತಿದ್ದವರು ಒಬ್ಬರೇ, ಸುವರ್ಣಾ ಹೊಂಬಳ. ಸುತ್ತಲಿನ ಹಲವು ಗ್ರಂಥಾಲಯಗಳನ್ನು ನಡೆಸುವ ಟ್ರಸ್ಟೊಂದರ ಗ್ರಂಥಾಲಯದಲ್ಲಿ ಆಕೆ ವಿಚಾರಣೆ ಕೌಂಟರಿನಲ್ಲಿ ಕೂರುತ್ತಿದ್ದರು. ‘ಇಂಥ ಪುಸ್ತಕ ಎಲ್ಲಿದೆ, ಇಂಥ ವಿಷಯ ಎಲ್ಲಿ ಸಿಗುತ್ತದೆ’ ಎಂದು ಬಂದವರಿಗೆ ಹುಡುಕಿಕೊಡುವುದೇ ಕೆಲಸ. ಮಾತು ಕಡಿಮೆ. ಒಮ್ಮೆ ಹಟ ಹಿಡಿದರೆ ಮಾತ್ರ ಹಿಡಿದದ್ದೇ.

ಹೊಸ ಹುಡುಕು ಯಂತ್ರವೊಂದನ್ನು ಬಳಗಕ್ಕೆ ತಂದವರೂ ಅವರೇ. ತಯಾರಿಸಿದವನು ಕಾರವಾರದ ಕಡೆಯ ರೋಹಿದಾಸ ಪ್ರಭು ಎಂಬ ತರುಣ ಎಂಜಿನಿಯರ್. ಎಲ್ಲ ಗ್ರಂಥಾಲಯಗಳ ಪುಸ್ತಕ, ಕರಪತ್ರ, ಹಳೆಯ ವಾರಪತ್ರಿಕೆಗಳನ್ನು ಅದರೊಳಗೆ ತುಂಬಿದ್ದ. ಪ್ರಶ್ನೆ ಬರೆದರೆ ಸಾಕು, ಉತ್ತರವಿರುವ ಪುಟವನ್ನೇ ಎತ್ತಿ ಮುಂದಿಡುತ್ತದೆ ಎಂದ. ಸುವರ್ಣಾ ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆದರೆ ಹಾಲಿನಲ್ಲಿ ನೊಣ ಬಿತ್ತು. ಬಳಗದವರು ಈ ಯಂತ್ರ ಸರಿಯಿದೆ ಎಂದು ಸಹಿ ಹಾಕಿದರೆ ತಮ್ಮ ಎಲ್ಲ ಗ್ರಂಥಾಲಯಗಳ ವಿಚಾರಣೆ ಕೌಂಟರುಗಳನ್ನು ಮುಚ್ಚುತ್ತೇವೆ ಎಂದು ಟ್ರಸ್ಟಿನವರು ತಿಳಿಸಿದರು. ಯಂತ್ರವೇ ಉತ್ತರ ಕೊಡುವಾಗ ಅಲ್ಲೊಂದು ಕುರ್ಚಿ, ಅದರ ಮೇಲೊಬ್ಬ ಮನುಷ್ಯ ಯಾಕೆ ಎಂಬುದು ಅವರ ಲೆಕ್ಕ. ಹಾಗಾದರೆ ಸುವರ್ಣಾ ಒಳಕೋಣೆಗೆ ಹೋಗಿ ಪುಸ್ತಕಗಳಿಗೆ ರಟ್ಟು ಹಾಕುತ್ತ ಕೂರಬೇಕಾಗುತ್ತಿತ್ತು.

ಪರೀಕ್ಷೆ ನಡೆಯಿತು. ಪ್ರತಿಯೊಬ್ಬ ಗ್ರಂಥಪಾಲಕರೂ ಪ್ರಶ್ನೆಗಳನ್ನು ಬರೆದು ತರಬೇಕು ಎಂದು ತೀರ್ಮಾನ. ತಂದರು. ಹೇಗೆ ತಂದರು ಎನ್ನುವುದೇ ಸ್ವಾರಸ್ಯ. ಒಬ್ಬೊಬ್ಬರೂ ಕಪಾಟಿನಿಂದ ಒಂದು ಪುಸ್ತಕ ಇಳಿಸಿ, ಪರಿವಿಡಿ ತೆರೆದು, ಅದರಲ್ಲಿದ್ದ ಮಾತನ್ನೇ ಪ್ರಶ್ನೆ ಮಾಡಿಕೊಂಡು ಬಂದಿದ್ದರು. ಜೀವನವಿಡೀ ಪುಸ್ತಕಗಳಿಗೆ ವಿಷಯದ ಹೆಸರು ಕೊಟ್ಟವರಲ್ಲವೇ, ಅವರ ಕೈ ಬೇರೆ ಥರ ಓಡುವುದೇ ಇಲ್ಲ. ಅಬ್ಬಿಗೇರಿಯವರು ಗಂಟಲು ಸರಿಮಾಡಿಕೊಂಡು ಓದಿದರು: “ಕುರಿಗಳಲ್ಲಿ ಮಿದುಳಿನ ಲಾಡಿಹುಳು ಬಾಧೆ: ಕಾರಣ ಮತ್ತು ನಿಯಂತ್ರಣ.” ಕಣ್ಣು ಮಿಟುಕಿಸುವುದರೊಳಗೆ ಪಶುಸಂಗೋಪನೆಯ ಕರಪತ್ರವೊಂದನ್ನು ನಾನು ಗೋಡೆಯ ಮೇಲೆ ತೋರಿಸಿದೆ. ಚಪ್ಪಾಳೆ. ಒಂದೂ ಪ್ರಶ್ನೆ ತಪ್ಪಲಿಲ್ಲ. ನಾನೂ ಉಬ್ಬಿಹೋದೆ.

ಸುವರ್ಣಾ ಚಪ್ಪಾಳೆ ತಟ್ಟಲಿಲ್ಲ. ಎದ್ದು ನಿಂತರು.

“ಸರ್, ಇವು ಓದುಗರ ಪ್ರಶ್ನೆ ಅಲ್ರಿ. ಉತ್ತರಾ ಮುಂದಿಟಗೊಂಡು ನಾವ ಬರದೀವಿ.”

“ಮತ್ತ ಹೆಂಗ ಬರೀಬೇಕಿತ್ತವಾ?” ಅಬ್ಬಿಗೇರಿಯವರು ನಕ್ಕರು. “ಈ ಮಷಿನ್ ತಂದಾಕಿ ನೀನ. ಈಗ ಕಾಲ ಹಿಡದು ಎಳಿಯಾಕಿನೂ ನೀನ ಏನು?”

“ನಾ ತಂದೀನಿ ಅಂತನ ಕೇಳಾಕತ್ತೀನ್ರಿ. ಕೌಂಟರಿಗೆ ಬಂದವ್ರು ರೋಗದ ಹೆಸರು ಹೇಳೂದಿಲ್ಲ, ತಮ್ಮ ಕಣ್ಣಿಗೆ ಕಂಡದ್ದ ಹೇಳ್ತಾರ. ವಾರ್ಷಿಕ ಸಭಾದಾಗ ಅವರ ಬಂದು ಕೇಳ್ಲಿ. ಆಮ್ಯಾಲ ಸಹಿ ಹಾಕೂಣು.”

ಕುರ್ಚಿ ಉಳಿಸಿಕೊಳ್ಳುವ ಆಟ ಎಂದು ಹಿಂದಿನ ಸಾಲಿನವರು ಪಿಸುಗುಟ್ಟಿದರು. ಆ ಮಾತು ಆಕೆಯ ಕಿವಿಗೂ ಬಿತ್ತು. ಮುಖ ಕೆಂಪಾಯಿತು, ಆದರೆ ಕೂರಲಿಲ್ಲ. ‘ಆಗಲಿ’ ಎಂಬ ಮಾತು ಅಧ್ಯಕ್ಷರ ಬಾಯಿಂದ ಬೀಳುವವರೆಗೂ ನಿಂತೇ ಇದ್ದರು. ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ನಾನು ತೋರಿಸಿದ್ದನ್ನು ಸರಿಯಿಲ್ಲ ಎನ್ನುವುದಕ್ಕೆ ಇವರು ಯಾರು ಎಂದುಕೊಂಡೆ.

ವಾರ್ಷಿಕ ಸಭೆ ಸುವರ್ಣಾ ಅವರ ಗ್ರಂಥಾಲಯದ ಓದುಕೋಣೆಯಲ್ಲೇ ಸೇರಿತು. ಸಹಿಯ ಕಾಗದ ಅಧ್ಯಕ್ಷರ ಮುಂದೆ ಸಿದ್ಧವಾಗಿತ್ತು. ಟ್ರಸ್ಟಿನವರೂ ಮುಂದಿನ ಸಾಲಿನಲ್ಲಿದ್ದರು. ಮೊದಲು ಬಂದವರು ಬೆಟಗೇರಿಯ ದರ್ಜಿ ಮೆಹಬೂಬಸಾಬರು. “ಮಷಿನ್ ತುಳದೂ ತುಳದೂ ಹಿಮ್ಮಡ ಉರಿತಾವ್ರಿ, ಏನ್ ಮಾಡ್ಬೇಕು?” ಎಂದರು. ಅವರು ಹೇಳಿದ್ದನ್ನು ರೋಹಿದಾಸ ಹಾಗೆಯೇ ಬರೆದ. ಹೊಲಿಗೆ ಯಂತ್ರದ ದುರಸ್ತಿಯ ಮೂರು ಪುಸ್ತಕಗಳನ್ನು ನಾನು ತೋರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕೋಣೆಯೆಲ್ಲ ನಕ್ಕಿತು. ಸಾಬರೂ ನಕ್ಕರು.

ಆಮೇಲೆ ಹಾಲವ್ವ ಎದ್ದಳು. ಕುರಿ ಕಾಯುವ ಹೆಂಗಸು. ಹೆಗಲ ಮೇಲೆ ಕಂಬಳಿ, ಮುಖದಲ್ಲಿ ನಗುವಿಲ್ಲ. ಅವಳಿಗೆ ಇದು ಪರೀಕ್ಷೆ ಎನ್ನುವುದೇ ತಲೆಗೆ ಹೋಗಿರಲಿಲ್ಲ. ಇಲ್ಲಿ ಕೇಳಿದರೆ ಹೇಳುತ್ತಾರೆ ಎಂದು ಬಂದಿದ್ದಳು.

“ನನ್ನ ಕುರಿ ಒಂದ ಬಾಜೂಕ ಗಿರಗಿರ ತಿರಗತೈತ್ರಿ. ಹಿಂಡು ಬಿಟ್ಟು ದೂರ ನಿಂದರತೈತಿ. ಮುಂದ ಗ್ವಾಡಿ ಇದ್ರೂ ಕಾಣವಲ್ದು, ಹೋಗಿ ಹಾಯತೈತಿ. ಹಿಂಗ ಮಾಡಿ ಮಾಡಿ ಈಗಾಗಲೇ ಮೂರು ಸತ್ತು. ನಿನ್ನಿಯಿಂದ ಇನ್ನೆರಡು ಸುರು ಮಾಡ್ಯಾವ. ಯಾಕ್ರಿ?”

ರೋಹಿದಾಸ ಒಂದು ಮಾತೂ ಬಿಡದೆ ಬರೆದ. ಯಂತ್ರ ಯೋಚಿಸಿತು. ಆಮೇಲೆ ನನ್ನ ಬೆಳಕಿನಲ್ಲಿ, ಆಳುದ್ದದ ಅಕ್ಷರಗಳಲ್ಲಿ ಗೋಡೆಯ ಮೇಲೆ ಮೂಡಿತು: ‘ಈ ಬಗ್ಗೆ ಯಾವ ಮಾಹಿತಿಯೂ ಇಲ್ಲ.’

“ಏನಂತ ಬಂತ್ರಿ?” ಹಾಲವ್ವ ಕೇಳಿದಳು. ಓದು ಬರದವಳು.

ಅಬ್ಬಿಗೇರಿಯವರೇ, “ಇಲ್ಲ ಅಂತೈತವಾ” ಎಂದರು.

“ಹೌದಾ. ಇಷ್ಟ ಪುಸ್ತಕದಾಗ ಇಲ್ಲಂದ್ರ ಮತ್ತೆಲ್ಲೂ ಇರಾಕಿಲ್ಲ ಬಿಡ್ರಿ. ಅವುಕ್ಕ ಆಯುಷ್ಯ ಅಷ್ಟ.” ಕಂಬಳಿ ಸರಿಮಾಡಿಕೊಂಡು ಬಾಗಿಲ ಕಡೆ ಹೊರಟಳು.

ನನಗೆ ನಾಲಿಗೆಯಿದ್ದಿದ್ದರೆ ಆ ಕ್ಷಣ ಕೂಗುತ್ತಿದ್ದೆ. ಉತ್ತರ ಇತ್ತು! ಅದೇ ಕರಪತ್ರವನ್ನು ಇದೇ ಕಣ್ಣಿನಿಂದ ತೋರಿಸಿ ಚಪ್ಪಾಳೆ ಹೊಡೆಸಿಕೊಂಡವನು ನಾನು. ಈಗ ಅದೇ ನಾನು ಗೋಡೆಯ ತುಂಬ ‘ಇಲ್ಲ’ ಎಂದು ಹಿಡಿದು ನಿಂತಿದ್ದೆ, ಆ ಹೆಂಗಸು ನಂಬಿ ಹೊರಟುಬಿಟ್ಟಿದ್ದಳು. ಅಂಥ ನಾಚಿಕೆ ನನಗೆ ಮದುವೆಮನೆಯ ಜಗಳದಲ್ಲಿ ಬಿದ್ದಾಗಲೂ ಆಗಿರಲಿಲ್ಲ.

ಸುವರ್ಣಾ ನನ್ನ ಬೆಳಕನ್ನು ಅಡ್ಡ ಹಾಯ್ದು ಓಡಿದರು. ‘ಇಲ್ಲ’ ಎಂಬ ಅಕ್ಷರ ಒಂದು ಗಳಿಗೆ ಅವರ ಸೀರೆಯ ಮೇಲೆ ಬಿತ್ತು. ಬಾಗಿಲಲ್ಲಿ ಹಾಲವ್ವನ ಕೈ ಹಿಡಿದು ಕರೆತಂದು ತಮ್ಮ ಕೌಂಟರಿನ ಎದುರು ಕೂರಿಸಿದರು.

“ಕೂಡವಾ. ಇನ್ನೊಮ್ಮಿ ಹೇಳು. ಜ್ವರಾ ಅದಾವೇನು? ಮೇವು ತಿಂತಾವೇನು?”

ಕೇಳಿದರು, ಕೇಳಿಸಿಕೊಂಡರು. ಪಶುಗಳ ಕಪಾಟಿನಿಂದ ಒಂದೊಂದೇ ಕರಪತ್ರ ತೆಗೆದು ಅವಳು ಹೇಳಿದ್ದಕ್ಕೆ ಹೊಂದಿಸಿ ನೋಡಿದರು. ಎರಡು ಕರಪತ್ರ ಪಕ್ಕಕ್ಕೆ ಹೋದವು. ಮುಂದಿನದನ್ನು ಜೋರಾಗಿ ಓದತೊಡಗಿದರು: ಹುಳುವಿನ ಗಂಟು ಮಿದುಳಿನಲ್ಲಿ ಬೆಳೆದಾಗ ಕುರಿ ಒಂದೇ ಕಡೆ ಸುತ್ತುತ್ತದೆ, ದೃಷ್ಟಿ ಮಂಕಾಗುತ್ತದೆ. ಸತ್ತ ಕುರಿಯ ತಲೆಯನ್ನು ತಿಂದ ನಾಯಿಯ ಹೊಟ್ಟೆಯಲ್ಲಿ ಆ ಹುಳು ಬೆಳೆದು, ಅದರ ಮೊಟ್ಟೆ ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ ಸೇರುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗಳಿಗೆ ಹಾಕಬಾರದು.

ಹಾಲವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ ನಮ್ಮವ್ವ! ಮೂರರದ್ದೂ ಹಾಕೀನಲ್ರಿ. ಕಾವಲು ಕಾಯೂ ನಾಯಿ, ಅವುಕ್ಕೂ ಹೊಟ್ಟಿ ಐತೆಲ್ಲಾ ಅಂತ ನನ್ನ ಕೈಯಾರೆ ಹಾಕೀನಿ.”

“ಇನ್ನಮ್ಯಾಲ ತಲಿ ಆಳವಾಗಿ ಹುಗಿ. ನಾಯಿಗೆ ಹುಳದ ಔಷಧಾ ಹಾಕ್ಸು. ಈ ಎರಡೂ ಕುರಿ ನಾಳೆ ಪಶು ಆಸ್ಪತ್ರೆಗೆ ಹೊಡಕೊಂಡು ಹೋಗು, ಈ ಹಾಳಿ ಡಾಕ್ಟರಿಗೆ ತೋರ್ಸು.”

ಅಬ್ಬಿಗೇರಿಯವರು ಸಹಿಗೆಂದು ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. ಮನುಷ್ಯ ಭಾಷಣಪ್ರಿಯ, ಆದರೆ ಅಪ್ರಾಮಾಣಿಕನಲ್ಲ. “ಇದ ಕರಪತ್ರದ ಪ್ರಶ್ನೆ ಪರೀಕ್ಷಾದಾಗ ನಾನ ಬರದಿದ್ದೆ” ಎಂದರು. “ನಾ ಕೇಳಿದ್ರ ಬಂತು, ಈಕಿ ಕೇಳಿದ್ರ ಬರಲಿಲ್ಲ. ಇವತ್ತ ನಾ ಸಹಿ ಹಾಕೂದಿಲ್ಲ.” ಅವರ ಜೀವನದ ಅತ್ಯಂತ ಸಣ್ಣ ಭಾಷಣ ಅದು.

ಟ್ರಸ್ಟಿನವರು ಗೊಣಗಿದರು. ರೋಹಿದಾಸ ಮಾತ್ರ ಗೊಣಗಲಿಲ್ಲ. “ಮೇಡಂ, ನನಗೆ ಇಂಥ ಪ್ರಶ್ನೆಗಳೇ ಬೇಕಿತ್ತು, ಯಾರೂ ಕೊಟ್ಟಿರಲಿಲ್ಲ” ಎಂದ. ಆಮೇಲಿನ ವರ್ಷವೆಲ್ಲ ಬಳಗ ಮೈಮುರಿದು ದುಡಿಯಿತು. ಕೌಂಟರಿಗೆ ಬಂದವರು ಕೇಳಿದ್ದನ್ನು ತಿದ್ದದೆ, ಅವರ ಮಾತಿನಲ್ಲೇ ಬರೆದುಕೊಂಡು ಪ್ರತಿ ತಿಂಗಳೂ ತರುವುದು, ನನ್ನ ಎದುರು ಯಂತ್ರವನ್ನು ಕೂರಿಸಿ ಕೇಳುವುದು, ಸೋತದ್ದನ್ನು ರೋಹಿದಾಸ ಹೊತ್ತುಕೊಂಡು ಹೋಗುವುದು. ಮೊದಮೊದಲು ಸೋತದ್ದೇ ಹೆಚ್ಚು. ಬರಬರುತ್ತ ಗೆಲ್ಲತೊಡಗಿತು. ಕುರ್ಚಿ ಉಳಿಸಿಕೊಳ್ಳುವ ಆಟ ಎಂದಿದ್ದವರೇ ಈಗ ತಮ್ಮ ತಮ್ಮ ಊರಿನ ಪ್ರಶ್ನೆಗಳನ್ನು ಪೈಪೋಟಿಯಿಂದ ತರುತ್ತಿದ್ದರು. ನನ್ನ ಬಲ್ಬು ಮಂಕಾಗುತ್ತಿತ್ತು, ಅಕ್ಷರಗಳು ಹಳದಿಗೆ ತಿರುಗಿದ್ದವು. ಈ ಕೆಲಸ ಮುಗಿಯುವ ತನಕ ಆರಕೂಡದು ಎಂದು ನಾನೂ ಹಟ ಹಿಡಿದೆ.

ಮರುವರ್ಷದ ಸಭೆಯಲ್ಲಿ ಹಾಲವ್ವನ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಕೇಳಿದಾಗ ಕರಪತ್ರ ತಟ್ಟನೆ ಬಂತು. ದರ್ಜಿ ಸಾಬರ ಹಿಮ್ಮಡಿಗೂ ಮದ್ದಿನ ಪುಸ್ತಕ ಬಂತು. ಇನ್ನೇನು ಸಹಿ ಎನ್ನುವಾಗ ಸುವರ್ಣಾ ಮತ್ತೆ ಎದ್ದರು.

“ಒಂದ ಮಾತು ಉಳದೈತಿ. ಸಿಗದಿದ್ದಾಗ ಇದು ‘ಇಲ್ಲ’ ಅನಬಾರದು. ‘ನನಗೆ ಸಿಗಲಿಲ್ಲ, ಕೌಂಟರಿನಲ್ಲಿ ಕೇಳಿ’ ಅನಬೇಕು.”

ಟ್ರಸ್ಟಿನ ಹಿರಿಯರೊಬ್ಬರು ಸಿಡಿಮಿಡಿಗೊಂಡರು. “ಹಂಗ ಬರದ್ರ ಮಷಿನ್ ದಡ್ಡ ಅಂತ ನಾವ ಬೋರ್ಡ್ ಹಾಕಿದಂಗ ಆತಲ್ಲ! ಅದೂ ಅಲ್ದ ಕೌಂಟರ್ ಇದ್ದರಲ್ಲ ಕೇಳೂದು?”

“ಅದಕ್ಕ ಕೌಂಟರ್ ಇರಬೇಕು. ಇಷ್ಟ ಮಂದಿ ಒಂದ ವರ್ಷ ಪೂರ್ತಿ ತಿದ್ದಿದ್ರೂ ಇವತ್ತಿಗೂ ಎಷ್ಟೋ ಪ್ರಶ್ನಿಗೆ ಇದು ಸೋಲತೈತಿ. ಸೋತಾಗ ಆ ಮನಷ್ಯಾ ಎಲ್ಲಿ ಹೋಗಬೇಕು? ಆ ಸಾಲು ಇರಲಾರದ ನನ್ನ ಹೆಸರು ಆ ಕಾಗದಕ್ಕ ಬೀಳಾಕಿಲ್ಲ.”

“ನಂದೂ ಬೀಳಾಕಿಲ್ಲ” ಎಂದರು ಅಬ್ಬಿಗೇರಿ. ಹಿಂದಿನ ಸಾಲಿನಿಂದ ಇನ್ನೊಂದು ದನಿ, ಮತ್ತೊಂದು ದನಿ. ಬಳಗವೆಲ್ಲ ಒಗ್ಗಟ್ಟಾಗಿ ಕೂತಿತು. ಟ್ರಸ್ಟಿನವರು ಹೊರಗೆ ಹೋಗಿ ಮಾತಾಡಿಕೊಂಡು ಬಂದು, ಒಲ್ಲದ ಮನಸ್ಸಿನಿಂದ ಒಪ್ಪಿದರು. ರೋಹಿದಾಸ ಅಲ್ಲೇ ಕೂತು ಆ ಸಾಲು ಬರೆದ. ನಾನು ಅದನ್ನು ಗೋಡೆಯ ಮೇಲೆ ಎತ್ತಿ ತೋರಿಸಿದೆ. ಆಮೇಲೆ ಬಳಗದವರು ಸಹಿ ಹಾಕಿದರು. ಕೆಲವು ದಿನಗಳಲ್ಲೇ ನನ್ನ ಬಲ್ಬು ಆರಿತು. ಅಂಥ ಬಲ್ಬು ಈಗ ಯಾರೂ ಮಾಡುವುದಿಲ್ಲವಂತೆ.

ಈಗ ನಾನು ಕೌಂಟರಿನ ಹಿಂದಿನ ಕಪಾಟಿನ ಮೇಲೆ ಕೂತಿದ್ದೇನೆ. ಗೋಡೆಗೆ ದೊಡ್ಡ ಟಿವಿ ಬಂದಿದೆ, ಸಭೆಗಳಿಗೆ ಅದೇ ಸಾಕು. ಹುಡುಕು ಯಂತ್ರ ಬಾಗಿಲ ಪಕ್ಕದಲ್ಲಿದೆ. ದಿನಕ್ಕೆ ಎಷ್ಟೋ ಜನ ಅದರಿಂದಲೇ ಉತ್ತರ ಪಡೆದು, ಈ ಕಡೆ ತಿರುಗಿಯೂ ನೋಡದೆ ಹೋಗುತ್ತಾರೆ. ಅದು ನನಗೆ ಸಂತೋಷವೇ. ಬೆಳಕು ಇರುವಷ್ಟು ಕಾಲ ನಾನು ಇನ್ನೊಬ್ಬರ ಮಾತನ್ನೇ ದೊಡ್ಡದು ಮಾಡಿ ತೋರಿಸಿದೆ. ಅದರಲ್ಲಿ ಒಂದು ಮಾತನ್ನಾದರೂ ತಿದ್ದಿಸಿದ ಜನರ ನಡುವೆ ಇದ್ದೆನಲ್ಲ, ಅಷ್ಟು ಸಾಕು.

ಮೊನ್ನೆ ಒಬ್ಬ ನೇಕಾರ ಹೆಂಗಸು ಯಂತ್ರದ ಮುಂದೆ ನಿಂತು ಏನೋ ಕೇಳಿದಳು. ಓದಿಕೊಂಡಳು. ಆಮೇಲೆ ಹಿಂಜರಿಯುತ್ತ ಕೌಂಟರಿಗೆ ಬಂದಳು. “ಅದಕ್ಕ ಸಿಗಲಿಲ್ಲಂತ್ರಿ, ನಿಮ್ಮನ್ನ ಕೇಳಂತ ಹೇಳತು” ಎಂದು ತನ್ನ ತೊಂದರೆ ಹೇಳಿಕೊಂಡಳು. ಸುವರ್ಣಾ ಪೂರ್ತಿ ಕೇಳಿದರು, ತಲೆ ಕೆರೆದುಕೊಂಡರು, ಎದುರಿನ ಕುರ್ಚಿಯನ್ನು ಮುಂದಕ್ಕೆ ಎಳೆದರು.

“ನನಗೂ ಗೊತ್ತಿಲ್ಲವಾ. ಕೂಡು, ಇಬ್ರೂ ಕೂಡೇ ಹುಡುಕೂಣು.”